ಆಯ್ಕೆಯ ತತ್ತ್ವ ಸ್ವಯಂಸಿದ್ಧವೇ?

ನಮ್ಮ ಗಣಿತ ಪಠ್ಯಗಳಲ್ಲಿರುವ ‘ಸ್ವಯಂಸಿದ್ಧ’ ಎಂಬ ಪದದ ಬಗ್ಗೆ ನನ್ನ ತಕರಾರಿದೆ. ತಾನಾಗಿಯೇ ಸಿದ್ಧವಾದದ್ದು, ಪ್ರಶ್ನಿಸಬೇಡ ಎಂದು ಅದು ಮಕ್ಕಳ ಬಾಯಿ ಮುಚ್ಚಿಸುತ್ತದೆ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ (1246) ಹೊರಗೋಡೆಯನ್ನು ನೆನೆಯಿರಿ. ಒಂದು ಮೂಲೆಯಿಂದ ಹೊರಟು ವಿಗ್ರಹಗಳನ್ನು ಸಾಲಾಗಿ ಎಣಿಸಿದರೆ, ಅವುಗಳಲ್ಲಿ ಯಾವ ಗುಂಪನ್ನು ತೆಗೆದುಕೊಂಡರೂ ಮೊದಲನೆಯದೊಂದು ಇದ್ದೇ ಇರುತ್ತದೆ. ಆದರೆ ಸೊನ್ನೆಗಿಂತ ದೊಡ್ಡದಾದ ವಾಸ್ತವ ಸಂಖ್ಯೆಗಳಲ್ಲಿ ಮೊದಲನೆಯದು ಯಾವುದು? ಯಾವುದನ್ನು ಹೆಸರಿಸಿದರೂ ಅದರ ಅರ್ಧ ಇನ್ನೂ ಚಿಕ್ಕದು!

ಬೇರೊಂದು ಕ್ರಮದಲ್ಲಿ ಅವನ್ನೂ ಹಾಗೆ ಜೋಡಿಸಬಹುದೆಂದು 1904ರಲ್ಲಿ ಝರ್ಮೆಲೊ ಸಾಧಿಸಿದರು. ಆದರೆ ಆ ಕ್ರಮವನ್ನು ಬರೆದು ತೋರಿಸಲಿಲ್ಲ. ಶೂನ್ಯವಲ್ಲದ ಗಣಗಳು ಅನಂತವಾಗಿದ್ದರೂ ಪ್ರತಿಯೊಂದರಿಂದ ಒಂದೊಂದನ್ನು ಆರಿಸಬಹುದೆಂಬ ‘ಆಯ್ಕೆಯ ತತ್ತ್ವ’ವನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು. ಆರಿಸುವುದರಲ್ಲೇನು ಕಷ್ಟ ಎನ್ನುವವರು ಗೋಡೆಯ ಲೆಕ್ಕವನ್ನು ಅನಂತಕ್ಕೆ ಅನ್ವಯಿಸುತ್ತಿದ್ದಾರೆ. ಗಣಸಿದ್ಧಾಂತದ ಉಳಿದ ತತ್ತ್ವಗಳು ಪರಸ್ಪರ ವಿರುದ್ಧವಾಗಿಲ್ಲದಿದ್ದರೆ, ಅವು ಇದನ್ನು ಅಲ್ಲಗಳೆಯಲಾರವೆಂದು ಗೋಡೆಲ್ 1938ರಲ್ಲಿ, ಸಾಧಿಸಲೂ ಆರವೆಂದು ಕೋಹೆನ್ 1963ರಲ್ಲಿ ತೋರಿಸಿದರು. ಇದು ಸ್ವಯಂಸಿದ್ಧವೇ?

‘ಆಧಾರ ಪ್ರತಿಜ್ಞೆ’ ಎಂಬ ಪ್ರಾಮಾಣಿಕ ಪದ ನಮ್ಮ ರೇಖಾಗಣಿತದಲ್ಲೇ ಇದೆ. ಪ್ರತಿಜ್ಞೆ ತಾನಾಗಿ ಆಗುವುದಲ್ಲ, ನಾವು ತಿಳಿದು ಮಾಡುವುದು. ಶಿಕ್ಷಕರಾಗಿರುವ ನನ್ನ ಶಿಷ್ಯರೇ, ‘ಇದನ್ನೇಕೆ ಒಪ್ಪಬೇಕು ಸಾರ್?’ ಎಂದು ಕೇಳುವ ಮಗುವನ್ನು ಗದರಿಸಬೇಡಿ. ಗಣಿತ ಅಲ್ಲಿಂದಲೇ ಆರಂಭವಾಗುತ್ತದೆ.