ಮಕ್ಕಳಲ್ಲಿ ಕ್ರೀಡಾಭಿಮಾನವು ಬೆಳೆಯುವ ಬಗೆ

ಆಟದ ಮೇಲಣ ಅಭಿಮಾನವು ಹುಟ್ಟುಗುಣವೆಂದೂ, ಅದು ಕೆಲವರ ರಕ್ತದಲ್ಲಿರುವದೆಂದೂ ಅನೇಕರು ಹೇಳುವದುಂಟು. ಇಪ್ಪತ್ತು ವರ್ಷಗಳಿಗೂ ಮಿಕ್ಕು ಮಕ್ಕಳ ನಡುವೆ ಬಾಳಿದ ನಮಗೆ ಇದು ಒಪ್ಪತಕ್ಕ ಮಾತಾಗಿ ತೋರುವದಿಲ್ಲ. ಮಗುವು ಮೊದಲು ಪ್ರೀತಿಸುವದು ಆಟವನ್ನಲ್ಲ. ಆಟ ನೋಡುವಾಗ ತನ್ನನ್ನು ಮಗ್ಗುಲಲ್ಲಿ ಕುಳ್ಳಿರಿಸಿಕೊಂಡವರನ್ನು. ತಂದೆಯು ಪಂದ್ಯದ ವಾರ್ತೆಗೆ ಕಿವಿಗೊಟ್ಟಿರುವಾಗ ಅವನ ತೊಡೆಯ ಮೇಲಿನ ಕೂಸಿಗೆ ರನ್ನು, ವಿಕೆಟ್ಟು ಒಂದೂ ತಿಳಿಯದು. ಆದರೂ ಅವನು ಉಸಿರು ಬಿಗಿಹಿಡಿದರೆ ಅದೂ ಹಿಡಿಯುವದು, ಅವನು ಚಪ್ಪಾಳೆಯಿಕ್ಕಿದರೆ ಅದೂ ಇಕ್ಕುವದು. ತಾಯ್ನುಡಿಯು ವ್ಯಾಕರಣಕ್ಕೆ ಮುಂಚೆ ಬರುವಂತೆ ಅಭಿಮಾನವು ತಿಳುವಳಿಕೆಗೆ ಮುಂಚೆ ಬರುವದು. 1974ರಲ್ಲಿ ನಮ್ಮ ಕರ್ನಾಟಕದ ತಂಡವು ಬೆಂಗಳೂರಿನಲ್ಲಿ ಬೊಂಬಾಯಿಯವರನ್ನು ಹಿಂದೆ ಹಾಕಿ, ಬಳಿಕ ಜಯಪುರದಲ್ಲಿ ರಣಜಿ ಟ್ರೋಫಿಯನ್ನು ಮೊದಲ ಸಾರಿ ಗೆದ್ದ ವೃತ್ತಾಂತವನ್ನು, ಆಮೇಲೆ ಹುಟ್ಟಿದವರೂ ಕಣ್ಣಾರೆ ಕಂಡಂತೆ ಹೇಳುತ್ತಾರಲ್ಲವೇ? ಅದು ಮನೆಯ ಜಗಲಿಯ ಮೇಲೆ ಕೇಳಿ ಕಲಿತದ್ದು.

ಹಾಗಾದರೆ ಆ ಮಗ್ಗುಲಿನ ಸ್ಥಳವು ಯಾರಿಗೆ ದೊರೆಯುತ್ತದೆಂದು ವಿಚಾರಿಸಬೇಕಾಗುವದು. ಬಹುಮಟ್ಟಿಗೆ ಗಂಡುಮಕ್ಕಳಿಗೆ. ಹೆಣ್ಣುಮಗುವು ಕಾಫಿಯ ಲೋಟಗಳನ್ನು ತಂದಿಟ್ಟು ಒಳಗೆ ಹೋಗುವದು. ಹನ್ನೆರಡು ವರ್ಷ ತುಂಬಿದ ಮೇಲಂತೂ ಅವಳನ್ನು ಬಯಲಿಗೆ ಕರೆದೊಯ್ಯುವವರೇ ಇಲ್ಲ. ತರುವಾಯ ಹುಡುಗಿಯರಿಗೆ ಆಟದಲ್ಲಿ ಆಸ್ಥೆಯಿಲ್ಲವೆಂದು ತೀರ್ಪು ಕೊಡುವವರೂ ಅದೇ ಮನೆಯವರು! ಭಾರತದ ಸ್ತ್ರೀಯರು ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನು 1976ರಲ್ಲಿ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಆಡಿದ್ದು ಬೆಂಗಳೂರಿನಲ್ಲಿಯೇ. ಈ ವೃತ್ತಾಂತವನ್ನು ನಾವು ಯಾವ ಜಗಲಿಯ ಮೇಲೂ ಕೇಳಲಿಲ್ಲ.

2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡಿಗೆ ಎದುರಾಗಿ ಕಡೂರಿನ ವೇದಾ ಕೃಷ್ಣಮೂರ್ತಿಯು 70 ರನ್ನು ಹೊಡೆದಳು. ವಿಜಾಪುರದ ರಾಜೇಶ್ವರಿ ಗಾಯಕವಾಡಳು 15 ರನ್ನು ಮಾತ್ರ ಕೊಟ್ಟು 5 ವಿಕೆಟ್ಟುಗಳನ್ನು ಕಿತ್ತಳು. ನಮ್ಮ ವಸತಿಗೃಹದ ಬಾಲಿಕೆಯರಲ್ಲಿ 'ನಮ್ಮ ವಿಜಾಪುರದವಳಂತೆ' ಎಂಬ ಒಂದು ಮಾತು ಮಾಡಿದ ಕೆಲಸವನ್ನು ನಮ್ಮ ಎಷ್ಟೋ ಉಪದೇಶಗಳು ಮಾಡಿರಲಿಲ್ಲ. ಎಂಟು ದಿನಗಳ ತರುವಾಯ ಲಾರ್ಡ್ಸ್ ಮೈದಾನದಲ್ಲಿ ನಮ್ಮವರು 9 ರನ್ನುಗಳಿಂದ ಸೋತರು. ಅತ್ತವರೆಲ್ಲರೂ ಮರುದಿನ ಬಯಲಿಗೆ ಇಳಿದರು. ಸೋತವರನ್ನು ಬಿಡದಿರುವ ಈ ಗುಣವೇ ಅಭಿಮಾನವು ಬೇರೂರಿದ್ದಕ್ಕೆ ಗುರುತೆಂದು ನಾವು ಎಣಿಸುತ್ತೇವೆ. 2025ರ ನವೆಂಬರ್ 2ರಂದು ನಮ್ಮವರು ವಿಶ್ವಕಪ್ಪನ್ನು ಗೆದ್ದಾಗ ಹಿಗ್ಗಿದವರು ಲೆಕ್ಕವಿಲ್ಲದಷ್ಟು; ಗೆದ್ದವರನ್ನು ಮೆಚ್ಚುವದಕ್ಕೆ ಶಿಕ್ಷಣವು ಬೇಕಿಲ್ಲ.

ಇನ್ನೊಂದು ಮಾತನ್ನು ದುಃಖದಿಂದ ಬರೆಯುತ್ತೇವೆ. 2025ರ ಜೂನ್ 4ರಂದು, ಬೆಂಗಳೂರಿನ ತಂಡವು ಐಪಿಎಲ್ ಪಂದ್ಯಾವಳಿಯನ್ನು ಮೊದಲ ಸಾರಿ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಅಸು ನೀಗಿದರು. ಅವರಲ್ಲಿ ಎಳೆಯರೂ ಇದ್ದರು. ಅಂದಿನಿಂದ ಕೆಲವು ಪೋಷಕರು ನಮ್ಮ ಬಳಿಗೆ ಬಂದು, ತಮ್ಮ ಹೆಣ್ಣುಮಕ್ಕಳಿಗೆ ಆಟದ ಗೊಡವೆಯೇ ಬೇಡವೆಂದು ಹೇಳಿಹೋಗಿದ್ದಾರೆ. ಅವರ ಭಯವನ್ನು ನಾವು ಬಲ್ಲೆವು, ಹಗುರವಾಗಿ ಎಣಿಸುವವರಲ್ಲ. ಆದರೆ ಅಂದು ಹೋದವರು ಸಂತೋಷದಲ್ಲಿ ಪಾಲುಗೊಳ್ಳಲು ಹೋದವರು, ಅವರಲ್ಲಿ ತಪ್ಪಿರಲಿಲ್ಲ. ಜನಸಮೂಹವನ್ನು ಕಾಯಬೇಕಾದವರು ಕಾಯದೆ ಹೋದದ್ದಕ್ಕೆ ಮಕ್ಕಳ ಸಂತೋಷವನ್ನು ಕಟ್ಟಿಹಾಕುವದು ಯಾವ ನ್ಯಾಯ? ಅದರಲ್ಲಿಯೂ ಅಣ್ಣನನ್ನು ಬಿಟ್ಟು ತಂಗಿಯನ್ನು ಮಾತ್ರ ಕಟ್ಟುವದು?

ದೊಡ್ಡ ಕ್ರೀಡಾಂಗಣಕ್ಕೇ ಹೋಗಬೇಕೆಂಬ ನಿರ್ಬಂಧವೂ ಇಲ್ಲ. ತಾಲೂಕಿನ ಖೋಖೋ ಪಂದ್ಯವನ್ನು ಮಗಳೊಡನೆ ಹಗ್ಗದ ಬದಿಯಲ್ಲಿ ನಿಂತು ನೋಡಿದರೂ ಸಾಕು. ನಮ್ಮ ಬಯಲಿನಲ್ಲಿ ಶನಿವಾರ ಸಾಯಂಕಾಲಗಳಲ್ಲಿ ಥ್ರೋಬಾಲ್ ಪಂದ್ಯಗಳು ನಡೆಯುವವು. ಬೇವಿನ ಮರದ ಕೆಳಗೆ ನಾಲ್ಕು ಬೆಂಚುಗಳನ್ನು ಹಾಕಿಸಿದ್ದೇವೆ. ತಾಯಂದಿರು ಕೆಲವರು ಬರುತ್ತಾರೆ, ತಂದೆಯಂದಿರು ತೀರ ವಿರಳ. ಅಂಕಗಳ ಪುಸ್ತಕವನ್ನು ಎಂಟನೆಯ ತರಗತಿಯವರು ಬರೆಯುತ್ತಾರೆ. ಆಟದ ನಿಯಮಗಳನ್ನು ಅರಿಯದವರು ಕೇಳಿದರೆ ಬಿಡಿಸಿ ಹೇಳುವರು.