ಗಾಯ ಚಿಕ್ಕದು, ನೋವು ದೊಡ್ಡದು

ಕಾಲಿಗೆ ಮುಳ್ಳು ಚುಚ್ಚಿದರೆ ಅರಿಶಿನ ಹಚ್ಚಿ ಸುಮ್ಮನಾಗುವುದು ನಮ್ಮ ರೂಢಿ. ಬಹುತೇಕ ಗಾಯಗಳು ತಾವಾಗಿಯೇ ಮಾಗುತ್ತವೆ ಕೂಡ. ಆದರೆ ಅಪರೂಪಕ್ಕೊಮ್ಮೆ ಇಂಥ ಚಿಕ್ಕ ಗಾಯದಿಂದಲೇ ಒಂದೆರಡು ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುವುದುಂಟು.

ಈ ರೋಗಕ್ಕೆ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಎಂದು ಹೆಸರು. ಬೋಸ್-ಐನ್‌ಸ್ಟೈನ್ ಸಾಂದ್ರೀಕರಣಕ್ಕಾಗಿ 2001ರಲ್ಲಿ ನೊಬೆಲ್ ಹಂಚಿಕೊಂಡ ಅಮೆರಿಕದ ಭೌತವಿಜ್ಞಾನಿ ಎರಿಕ್ ಕಾರ್ನೆಲ್ 2004ರಲ್ಲಿ ಇದಕ್ಕೆ ತುತ್ತಾದರು. ಜೀವ ಉಳಿಸಲು ವೈದ್ಯರು ಅವರ ಎಡಗೈಯನ್ನು ಭುಜದ ಸಮೇತ ತೆಗೆಯಬೇಕಾಯಿತು.

ಚರ್ಮದ ಅಡಿಯಲ್ಲಿ ಕೊಬ್ಬಿನ ಪದರವಿದೆ. ಅದರ ಕೆಳಗೆ ಸ್ನಾಯುಗಳನ್ನು ಹೊದಿಸಿದ ಪೊರೆಯೇ ಫ್ಯಾಸಿಯಾ. ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಗಳು, ಕೆಲವೊಮ್ಮೆ ಹಲವು ಜಾತಿಯವು ಒಟ್ಟುಗೂಡಿ, ಈ ಪೊರೆಯ ಗುಂಟ ವೇಗವಾಗಿ ಹರಡುತ್ತವೆ. ಒಳಗೆ ಬೆಂಕಿ ಬಿದ್ದಿದ್ದರೂ ಮೇಲಿನ ಚರ್ಮ ಮೊದಮೊದಲು ತುಸು ಕೆಂಪಾಗಿ ಕಂಡೀತು, ಅಷ್ಟೇ. ಹಾಗಾಗಿ ಮೊದಲ ಸುಳಿವು ಸಿಗುವುದು ಕಣ್ಣಿಗಲ್ಲ, ನೋವಿನಿಂದ. ಕಾಣುವ ಗಾಯಕ್ಕೂ ಅನುಭವಿಸುವ ನೋವಿಗೂ ತಾಳೆಯಾಗದಿದ್ದರೆ ಎಚ್ಚರ ವಹಿಸಬೇಕು.

ಬೇರೆ ಲಕ್ಷಣಗಳೂ ಇವೆ. ಕೆಂಪು ಗಂಟೆಗಂಟೆಗೂ ಹಬ್ಬುತ್ತದೆ. ಕೆಂಪಿನ ಅಂಚನ್ನೂ ದಾಟಿ ಊತ, ನೋವು ಇರುತ್ತವೆ. ಜ್ವರ, ಎದೆಬಡಿತದ ಹೆಚ್ಚಳ, ಮಂಕು ಕವಿಯುವುದು ಜೊತೆಗೂಡಬಹುದು. ಚರ್ಮ ನೇರಳೆ ಬಣ್ಣಕ್ಕೆ ತಿರುಗುವುದು, ಬೊಬ್ಬೆ ಏಳುವುದು, ಒತ್ತಿದರೆ ಒಳಗೆ ಚರಚರ ಎನ್ನುವುದು ಇವೆಲ್ಲ ತಡವಾಗಿ ಬರುವ ಚಿಹ್ನೆಗಳು. ಆಮೇಲೆ ನೋವು ತಾನಾಗಿ ಇಳಿದು ಜೋಮು ಹಿಡಿದರೆ ಅದು ಗುಣಮುಖವಲ್ಲ. ನರಗಳೇ ಸಾಯುತ್ತಿವೆ ಎಂದರ್ಥ.

ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ಆದರೆ ಗಟ್ಟಿಮುಟ್ಟಾದವರನ್ನೂ ಇದು ಬಿಡದು.

ಬರೀ ಇಂಜೆಕ್ಷನ್ನಿನಿಂದ ಏಕೆ ವಾಸಿಯಾಗದು? ಸೋಂಕಿನ ಜಾಗದ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ರಕ್ತವೇ ತಲುಪದ ಕಡೆಗೆ ಔಷಧಿ ತಲುಪುವುದು ಹೇಗೆ? ಆದ್ದರಿಂದ ಆಂಟಿಬಯಾಟಿಕ್ ಜೊತೆಗೆ ಸತ್ತ ಭಾಗವನ್ನು ಕೂಡಲೇ ಕತ್ತರಿಸಿ ತೆಗೆಯಲೇಬೇಕು. ರಕ್ತಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಬಲವಾದ ಅನುಮಾನವಿದ್ದರೆ ಶಸ್ತ್ರವೈದ್ಯರು ತೆರೆದು ನೋಡುವುದೇ ಖಚಿತ ಪರೀಕ್ಷೆ.

ಮನೆಯವರು ಮಾಡಬಹುದಾದದ್ದಿಷ್ಟು: ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಕೆಂಪು ಗೆರೆ ದಾಟಿದರೆ, ಅಥವಾ ದಾಟದಿದ್ದರೂ ನೋವು ತಡೆಯಲಾಗದಿದ್ದರೆ, ಬೆಳಗಾಗಲೆಂದು ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ಗಾಯವನ್ನು ತೋರಿಸಿ ಸುಮ್ಮನಾಗಬೇಡಿ. ನೋವು ಎಷ್ಟಿದೆ, ಯಾವಾಗಿನಿಂದ ಏರಿತು ಎಂಬುದನ್ನೂ ಬಾಯಿಬಿಟ್ಟು ಹೇಳಿ.