ಕೆರೆಯ ದಂಡೆ ಯಾರದು?

ಮಳೆಗಾಲದ ಕೊನೆಗೆ ಯಲಬುರ್ಗಾ ಸೀಮೆಯ ಕೆರೆ-ಕಟ್ಟೆಗಳಲ್ಲಿ ನೀರು ನಿಂತಿತೆಂದರೆ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ತುಂಬಿತು? ಬರ ಉಂಡು ಬೆಳೆದ ನಾಡಿನಲ್ಲಿ ಇದು ಸಹಜ. ಆದರೆ ಅದೇ ಹೊತ್ತಿಗೆ ದಂಡೆಗೆ ಬಂದಿಳಿಯುವ ಅತಿಥಿಗಳಿಗೆ ನೀರಿನ ಆಳಕ್ಕಿಂತ ಅದರ ಅಂಚು ಮುಖ್ಯ.

ಸೆಪ್ಟೆಂಬರ್ ಹೊತ್ತಿಗೆ ಬಾಲ ಕುಣಿಸುವ ಸಿಪಿಲೆಗಳು, ಕೆಸರು ಕೆದಕುವ ಗದ್ದೆಗೊರವಗಳು ಉತ್ತರದಿಂದ ಬರತೊಡಗುತ್ತವೆ. ಚಳಿ ಬಿದ್ದ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಹೊಲಗಳ ಮೇಲೆ ಸುಳಿದಾಡುವ ಏರೋಪ್ಲೇನ್ ಚಿಟ್ಟೆಗಳಲ್ಲೂ ಯಾತ್ರಿಕರಿದ್ದಾರೆ. ಅವುಗಳಲ್ಲಿ ಒಂದು ಜಾತಿ ಗಾಳಿಯ ಬೆನ್ನೇರಿ ಮಾಲ್ಡೀವ್ಸ್ ಮಾರ್ಗವಾಗಿ ಪೂರ್ವ ಆಫ್ರಿಕಕ್ಕೆ ಹೋಗುತ್ತದೆಂಬುದಕ್ಕೆ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಸಾಕ್ಷ್ಯ ಮುಂದಿಟ್ಟರು. ಸಾಗರ ದಾಟುವ ಈ ಜೀವ ಮೊಟ್ಟೆಯಿಡುವುದು ಮಳೆನೀರು ನಿಂತ ತಗ್ಗು, ಹೊಂಡಗಳಲ್ಲಿ.

ಈಗ ನಮ್ಮ ಆಳುವವರ ಲೆಕ್ಕಾಚಾರ ನೋಡೋಣ. 2024ರಲ್ಲಿ ಮಾಗಡಿ ಮತ್ತು ಅಂಕಸಮುದ್ರಗಳಿಗೆ ರಾಮ್ಸರ್ ಮಾನ್ಯತೆ ಸಿಕ್ಕಿತು, ನಾವೆಲ್ಲ ಹೆಮ್ಮೆಪಟ್ಟೆವು. 2025ರ ಆಗಸ್ಟಿನಲ್ಲಿ ಅದೇ ರಾಜ್ಯದ ವಿಧಾನಮಂಡಲ ಕೆರೆ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಎಲ್ಲ ಕೆರೆಗಳಿಗೂ ಒಂದೇ ಆಗಿದ್ದ 30 ಮೀಟರ್ ರಕ್ಷಣಾ ವಲಯವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವುದು ಅದರ ತಿರುಳು. 100 ಎಕರೆ ಮೀರಿದ ಕೆರೆಗೆ 30 ಮೀಟರ್. 5 ಗುಂಟೆಯೊಳಗಿನ ಕಟ್ಟೆಗೆ ಸೊನ್ನೆ. ದೊಡ್ಡದಕ್ಕೆ ಕಾವಲು, ಸಣ್ಣದು ಅನಾಥ! ಬಯಲುಸೀಮೆಯಲ್ಲಿ ಹೆಚ್ಚಿರುವುದು ಸಣ್ಣ ಕಟ್ಟೆಗಳೇ ಅಲ್ಲವೇ? ಚಿಟ್ಟೆ ಹುಟ್ಟುವುದೂ, ಒತ್ತುವರಿದಾರನ ಕಣ್ಣು ಮೊದಲು ಬೀಳುವುದೂ ಅಲ್ಲೇ ಅಲ್ಲವೇ?

ಒತ್ತುವರಿಯಿಂದ ಉಳಿದ ಕೆರೆಯನ್ನು 'ಸೌಂದರ್ಯೀಕರಣ' ನುಂಗುತ್ತದೆ. ಸುತ್ತ ಕಲ್ಲುಗೋಡೆ, ವಾಕಿಂಗ್ ಪಾಥ್, ತಂತಿಬೇಲಿ. ನೀರೇನೋ ಕಾಣುತ್ತದೆ, ಕಾಲೂರಲು ಕೆಸರಿಲ್ಲದ ಕಡೆ ಗದ್ದೆಗೊರವ ಏಕೆ ಇಳಿದೀತು?

ಹಾಗಾದರೆ ಹೂಳು ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ತೆಗೆಯಬೇಕು. 2019ರಲ್ಲಿ ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತಲು ಜನರೇ ಕೈಜೋಡಿಸಿದ್ದು ನಮ್ಮ ಜಿಲ್ಲೆಯ ಅಭಿಮಾನದ ಸಂಗತಿ. ನಮ್ಮ ಮಾತಿಷ್ಟೇ: ನಡುವೆ ಆಳ ಮಾಡಿ, ಅಂಚಿನಲ್ಲಿ ಇಳಿಜಾರು ಉಳಿಸಿ.

ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ ಶೋಕಿ ಎಂದು ಮೂಗು ಮುರಿಯುವವರಿಗೂ ಒಂದು ಮಾತು. ಹಕ್ಕಿ ಇಳಿಯುವ ಆ ಇಳಿಜಾರಿನಲ್ಲೇ ಕುರುಬರ ಕುರಿ ನೀರು ಕುಡಿಯುತ್ತವೆ, ಎಮ್ಮೆಗಳು ಮೈ ನೆನೆಸುತ್ತವೆ, ಅಗಸರು ಬಟ್ಟೆ ಒಗೆಯುತ್ತಾರೆ, ಬಲೆ ಹಾಕುವವನು ನೀರಿಗಿಳಿಯುತ್ತಾನೆ. ಏರೋಪ್ಲೇನ್ ಚಿಟ್ಟೆಯ ಮರಿ ಸೊಳ್ಳೆಯ ಮರಿಗಳನ್ನು ತಿನ್ನುವುದೂ ಅಲ್ಲೇ. ಬೇಲಿ ಬಿದ್ದರೆ ಹಕ್ಕಿಯ ಜೊತೆಗೇ ಬಡವನೂ ಹೊರಗುಳಿಯುತ್ತಾನೆ.

ಆದ್ದರಿಂದ ನಮ್ಮ ಪಂಚಾಯಿತಿಗಳು ಮೊದಲು ಪ್ರತಿ ಕೆರೆ, ಪ್ರತಿ ಕಟ್ಟೆಯ ಗಡಿ ಅಳೆದು ಕಲ್ಲು ನೆಡಲಿ. ದಂಡೆ ಸರ್ಕಾರದ ಖಾಲಿ ಜಾಗವಲ್ಲ, ಅದೂ ಕೆರೆಯೇ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕಾದವರು ನಾವೇ. ಹಕ್ಕಿಗಳು ಅರ್ಜಿ ಕೊಡುವುದಿಲ್ಲ, ಒಂದು ವರ್ಷ ಬರುವುದನ್ನು ನಿಲ್ಲಿಸುತ್ತವೆ, ಅಷ್ಟೇ.